ಮೊಟ್ಟೆ ಗಾಡಿಗೆ ಶಾಕ್ ಅಬ್ಸಾರ್ಬರ್ ಆರಿಸಿಕೊಟ್ಟ ಯಂತ್ರಕ್ಕೆ

ವಿಷಯ: ತಮ್ಮ ಜಾಲತಾಣದಲ್ಲಿ ಪ್ರಕಟವಾಗಿರುವ ನನ್ನ ಹೊಗಳಿಕೆಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವ ಬಗ್ಗೆ.

ಮಾನ್ಯರೇ,

ಕಂಪನಿಯ ಜಾಲತಾಣದ ಬಲಮೂಲೆಯಲ್ಲಿ ನೀಲಿ ಗುಳ್ಳೆಯ ರೂಪದಲ್ಲಿ ನೆಲೆಸಿ, ಹಗಲಿರುಳೆನ್ನದೆ, ಊಟ ತಿಂಡಿಯ ಹಂಗಿಲ್ಲದೆ, ಯಾರು ಬಂದರೂ 'ನಮಸ್ಕಾರ, ನಾನು ನಿಮ್ಮ ಆಯ್ಕೆ ಸಹಾಯಕ' ಎಂದು ಎದ್ದು ನಿಂತು ಬರಮಾಡಿಕೊಳ್ಳುವ ತಮಗೆ, ಮೊಟ್ಟೆ ಸಾಗಿಸುವ ಒಂದು ಹಳೆಯ ಪಿಕಪ್ ಗಾಡಿಯಲ್ಲಿ ಚಾಲಕರ ಪಕ್ಕದ ಸೀಟಿನಲ್ಲಿ ಕೂರುವವನು ತಲೆಬಾಗಿ ಮಾಡುವ ನಮಸ್ಕಾರಗಳು.

ಈಗ ಸಂಜೆ ಆರೂವರೆ. ಬೆಳಿಗ್ಗೆ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆವು, ಮಧ್ಯಾಹ್ನ ತಾವು ಆರಿಸಿಕೊಟ್ಟ ಹೊಸ ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿದರು, ಆಮೇಲೆ ಓಡಿಸಿ ನೋಡಿ ಬಂದೆವು. ಬಿಚ್ಚಿದ ಹಳೆಯವು ಅಡುಗೆಮನೆಯ ಬಾಗಿಲ ಹಿಂದೆ ಹಳೆಯ ಪತ್ರಿಕೆಯ ಮೇಲೆ ಮಲಗಿವೆ. ದಿನಚರಿಯಲ್ಲಿ ಇಷ್ಟೇ ಬರೆದು ಮುಚ್ಚಿಡಬೇಕೆಂದಿದ್ದೆ. ಆದರೆ ತಮ್ಮ ಉಪಕಾರ ಒಬ್ಬನೇ ಇಟ್ಟುಕೊಳ್ಳುವಷ್ಟು ಚಿಕ್ಕದಲ್ಲವಾದ್ದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಹೆಚ್ಚು ಓದಿದವನಲ್ಲ. ತಪ್ಪು ಕಂಡರೆ ತಾವು ಎಂದಿನಂತೆ ಕೆಂಪು ಅಕ್ಷರದಲ್ಲಿ ತೋರಿಸಿ ಮುಂದಕ್ಕೆ ಬಿಡದೆ ನಿಲ್ಲಿಸಬಹುದು.

ನಮ್ಮ ಕೆಲಸ ಸರಳವಾದದ್ದು. ಊರಾಚೆಯ ಕೋಳಿ ಫಾರಮ್ಮಿನಿಂದ ಮೊಟ್ಟೆಯ ಟ್ರೇಗಳನ್ನು ಏರಿಸಿಕೊಂಡು ಪೇಟೆಯ ಬೇಕರಿಗೆ ತಲುಪಿಸುವುದು. ಟ್ರೇಗಳನ್ನು ಜೋಡಿಸಿ, ಸಂದಿಗೆ ಗೋಣಿಚೀಲ ತುರುಕಿ, ಹಗ್ಗ ಬಿಗಿಯುವುದು ನನ್ನ ಪಾಲು. ಓಡಿಸುವುದು ನನ್ನ ಹೆಂಡತಿಯ ಪಾಲು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಕಲಿಸಲು ಅವಳು ಒಮ್ಮೆ ಕೂತವಳು, 'ರೀ, ನೀವು ಬ್ರೇಕ್ ಒತ್ತೋದು ಜಿರಳೆ ತುಳಿದ ಹಾಗಿದೆ, ಈ ಕಡೆ ಬನ್ನಿ' ಎಂದು ಎಬ್ಬಿಸಿದ ಮೇಲೆ ನಾನು ಪಕ್ಕದ ಸೀಟಿನವನಾಗಿಯೇ ಉಳಿದೆ. ದಾರಿಯುದ್ದಕ್ಕೂ, ಶಾಲೆಯ ಗೋಡೆಯ ಹತ್ತಿರ, ಬ್ಯಾಂಕಿನ ತಿರುವಿನಲ್ಲಿ, ಸೇತುವೆಯ ಈಚೆ, ರಸ್ತೆಯುಬ್ಬುಗಳಿವೆ. ಕಟ್ಟಿದವರಿಗೆ ಮೊಟ್ಟೆಯ ಮೇಲೆ ಏನೋ ಹಳೆಯ ಸಿಟ್ಟಿದ್ದಂತಿದೆ. ಪ್ರತಿಯೊಂದು ಉಬ್ಬು ಬರುವ ಮುಂಚೆ ಅವಳು 'ಹಿಡ್ಕೊಳ್ರೀ' ಎನ್ನುತ್ತಿದ್ದಳು. ನಾನು ಬಾಗಿಲ ಹಿಡಿಕೆ ಹಿಡಿಯುತ್ತಿದ್ದೆ. ಅವಳು ಗಾಡಿಯನ್ನು ಓರೆ ಮಾಡಿ, ನಿದ್ದೆ ಹೋದ ಮಗುವನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಬದಲಿಸುವವರ ಹಾಗೆ, ಒಂದೊಂದೇ ಚಕ್ರವನ್ನು ಆಚೆಗೆ ಇಳಿಸುತ್ತಿದ್ದಳು. ಕೈ ಹೀಗೆ; ಬಾಯಿ ಮಾತ್ರ ಅಡ್ಡ ಬಂದ ಪ್ರತಿಯೊಂದು ಸ್ಕೂಟರಿನ ವಂಶವನ್ನೂ ವಿಚಾರಿಸಿಕೊಳ್ಳುತ್ತಿತ್ತು.

ಒಡೆದ ಮೊಟ್ಟೆ ಸಾಗಿಸಿದವರ ಪಾಲು ಎಂಬುದು ನಮಗೂ ಬೇಕರಿಯವರಿಗೂ ಆದ ಒಪ್ಪಂದ. ಇದರಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಏರ್ಪಟ್ಟಿತ್ತು. ಮೊಟ್ಟೆ ಗಾಡಿಯವರ ಮನೆಯಲ್ಲೇ ಮೊಟ್ಟೆ ಇರುತ್ತಿರಲಿಲ್ಲ, ಏಕೆಂದರೆ ಒಂದೂ ಒಡೆಯುತ್ತಿರಲಿಲ್ಲ. ಬೇಕಾದಾಗ ನಾನು ಚೀಲ ಹಿಡಿದು ಮೂಲೆಯ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯಾತ 'ಏನ್ ಸ್ವಾಮಿ, ನಿಮ್ಮ ಕೋಳಿಗಳು ಮುಷ್ಕರ ಹೂಡಿದ್ವಾ?' ಎಂದು ಕೇಳಿ, ತನ್ನ ಮಾತಿಗೆ ತಾನೇ ನಗುತ್ತಿದ್ದ. ಅಂಗಡಿಗೆ ಹೋಗಲು ನನಗೆ ಬೇಜಾರಾದ ದಿನ ಅವಳು ಶಾಲೆಯ ಗೋಡೆ ಬರುತ್ತಲೇ ನನ್ನನ್ನು ಓರೆಗಣ್ಣಿನಲ್ಲಿ ನೋಡಿ, 'ಇವತ್ತು ಆಮ್ಲೆಟ್ ಮಾಡೋಣ್ವಾ?' ಎಂದು, ಆ ಒಂದು ಉಬ್ಬನ್ನು ಮಾತ್ರ ಬೇಕೆಂದೇ ನೇರವಾಗಿ ಹತ್ತಿಸುತ್ತಿದ್ದಳು. ಹಿಂದಿನಿಂದ ಟಪ್ ಎಂಬ ಸದ್ದು ಬರುತ್ತಿತ್ತು. 'ಆಯ್ತು ನೋಡಿ, ನಿಮ್ಮದೊಂದು, ನಂದೊಂದು' ಎನ್ನುತ್ತಿದ್ದಳು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಸೇತುವೆ ದಾಟಿದ ಮೇಲೆ ಅವಳು ಗಾಡಿಯನ್ನು ಪಕ್ಕಕ್ಕೆ ತೆಗೆದು, ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, 'ಎದೆ ಯಾಕೋ ಹಿಡ್ಕೊಂಡಿದೆ' ಎಂದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ದಿನದ ಲೋಡಿನಲ್ಲಿ ಒಂದಕ್ಕೂ ಬಿರುಕು ಬಿದ್ದಿರಲಿಲ್ಲವೆಂದು ಬೇಕರಿಯವರು ಆಮೇಲೆ ಹೇಳಿದರು. ಇದನ್ನು ತಮ್ಮ ಅನುಕಂಪ ಬೇಡಿ ಬರೆಯುತ್ತಿಲ್ಲ. ತಮ್ಮ ಪರದೆಯ ಮೇಲೆ ಅದಕ್ಕೆ ಗುಂಡಿ ಇಲ್ಲವೆಂಬುದನ್ನು ನಾನು ಬಲ್ಲೆ. ಮುಂದಿನ ದೂರಿಗೆ ಬೇಕಾದ ಮಾಹಿತಿಯಾದ್ದರಿಂದ ಬರೆದೆ.

ಅವಳ ನಂತರ ಸ್ಟೀರಿಂಗ್ ಹಿಡಿದವಳು ನನ್ನ ನಾದಿನಿ, ಅವಳ ಒಡಹುಟ್ಟಿದ ತಂಗಿ. ಅಕ್ಕನಿಗಿಂತ ಮೊದಲೇ ಗಾಡಿ ಕಲಿತವಳು, ವರ್ಷಗಟ್ಟಲೆ ಸಿಮೆಂಟ್ ಲಾರಿ ಓಡಿಸಿದವಳು. 'ಸಿಮೆಂಟ್ ಮೂಟೆ ಕುಣಿದ್ರೂ ಸಿಮೆಂಟೇ ಭಾವ, ಇದನ್ನ ಹೇಗೆ ಓಡಿಸೋದು?' ಎಂದು ಹೆದರುತ್ತಲೇ ಹತ್ತಿ ಕೂತಳು. ಮೊದಲ ದಿನವೇ ಹಿಂದಿನಿಂದ ಬಂದ ಟಪ್ ಟಪ್ ಸದ್ದು ನಿಲ್ಲಲಿಲ್ಲ. ಅಂದಿನಿಂದ ನಮ್ಮ ಮನೆ ಸಮೃದ್ಧಿಯಿಂದ ತುಂಬಿ ತುಳುಕಿತು. ಬೆಳಿಗ್ಗೆ ಆಮ್ಲೆಟ್, ಮಧ್ಯಾಹ್ನ ಆಮ್ಲೆಟ್, ಸಂಜೆ ಬದಲಾವಣೆಗೆಂದು ಕದಡಿ ಹುರಿದದ್ದು. ಬಟ್ಟಲು ಹಿಡಿದು ನಾನು ಮೆಟ್ಟಿಲು ಇಳಿಯುವುದನ್ನು ಕಂಡರೆ ಪಕ್ಕದ ಮನೆಯಾಕೆ ಬಾಗಿಲು ಹಾಕಿಕೊಂಡು, ಒಳಗಿನಿಂದ 'ಮನೇಲಿ ಯಾರೂ ಇಲ್ಲ ಕಣ್ರೀ' ಎನ್ನತೊಡಗಿದರು. ಬೇಕರಿಯವರಂತೂ ಬಾಗಿಲಲ್ಲೇ ನಿಂತು, 'ಅಲ್ರೀ, ನಾನು ಕೇಳಿದ್ದು ಮೊಟ್ಟೆ. ಕಲಸೋ ಕೆಲಸ ನಾವೇ ಮಾಡ್ಕೋತೀವಿ, ನೀವ್ಯಾಕೆ ದಾರೀಲೇ ಶುರು ಮಾಡ್ತೀರಿ?' ಎಂದರು, ಮುಂದಿನ ವಾರದಿಂದ ಲೋಡು ನೆಟ್ಟಗೆ ಬಂದರೆ ಸರಿ, ಇಲ್ಲವಾದರೆ ಇನ್ನೊಂದು ವ್ಯಾನಿನವರಿಗೆ ಈಗಾಗಲೇ ಹೇಳಿಟ್ಟಿದ್ದೇನೆ ಎಂದರು. ಈ ಕೆಲಸ ಹೋದರೆ ಗಾಡಿ ಇಟ್ಟುಕೊಂಡು ನಮಗೇನೂ ಮಾಡಲಿಕ್ಕಿಲ್ಲ. ಇಟ್ಟಿಗೆ ವ್ಯಾಪಾರಿಯೊಬ್ಬರು ಬಂದು, ಬಾಗಿಲಿಗೆ ಎರಡು ಸಲ ಬಡಿದು ನೋಡಿ, 'ಗಟ್ಟಿ ಇದೆ, ಕೊಡೋದಾದ್ರೆ ಹೇಳಿ' ಎಂದು ಹೋಗಿದ್ದಾರೆ. ನಾದಿನಿಯೂ, 'ಮಾರಿಬಿಡಿ ಭಾವ. ಅಕ್ಕನ ಕೈ ನನಗೆ ಬರಲ್ಲ' ಎಂದು ಕೀಲಿಯನ್ನು ಮೇಜಿನ ಮೇಲಿಟ್ಟು ಮುಖ ತಿರುಗಿಸಿದಳು. ಅವಳ ಕೈಯೇ ಸರಿಯಿಲ್ಲವೆಂದು ಬೇಕರಿಯವರು ಹೇಳಿದ್ದರು, ಪಕ್ಕದ ಮನೆಯಾಕೆ ಹೇಳಿದ್ದರು, ಕೊನೆಗೆ ಅವಳೂ ನಂಬಿದ್ದಳು.

ಕೊಡುವ ಮೊದಲು ಒಮ್ಮೆ ತೋರಿಸೋಣವೆಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೇಸ್ತ್ರಿ ಗಾಡಿಯ ಹಿಂಬದಿಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಒಂದು ಸಲ ತಗ್ಗಿ ಎದ್ದು ನಿಲ್ಲಬೇಕಾಗಿದ್ದ ಗಾಡಿ ತಗ್ಗುತ್ತ ಏಳುತ್ತ ಆಡುತ್ತಲೇ ಇತ್ತು. 'ನೋಡಿ, ಹೆಂಡತಿ ಮಾತು ಕೇಳಿಸ್ಕೊಳ್ದೇ ಹೂಂ ಹೂಂ ಅನ್ನೋ ಗಂಡನ ಹಾಗೆ ತಲೆ ಆಡಿಸ್ತಾನೇ ಇದೆ' ಎಂದರು. ಭಾರ ಹೊರುವುದು ಕೆಳಗಿನ ಕಮಾನುಪಟ್ಟಿ ಸ್ಪ್ರಿಂಗುಗಳಂತೆ. ಗುದ್ದು ಬಿದ್ದ ಮೇಲಿನ ಓಲಾಟವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರ್ ಕೆಲಸವಂತೆ. ನಮ್ಮದರಲ್ಲಿ ಹಿಡಿದು ನಿಲ್ಲಿಸುವವರು ಯಾರೂ ಉಳಿದಿಲ್ಲವಂತೆ. 'ಈಗ ಅದರಲ್ಲೂ ನೂರೆಂಟು ಥರ ಬಂದಿವೆ, ಯಾವುದು ಬೇಕು ಅಂತ ನೀವೇ ಕಂಪನಿಯವರನ್ನ ಕೇಳಿ ತರಿಸ್ಕೊಳ್ಳಿ, ಹಾಕ್ಕೊಡ್ತೀನಿ' ಎಂದರು. ಹಾಗಾಗಿ ತಮ್ಮ ಸನ್ನಿಧಿಗೆ ಬಂದೆ.

ತಾವು ತೋರಿದ ಮರ್ಯಾದೆಯನ್ನು ನೆನೆದರೆ ಈಗಲೂ ಎದ್ದು ನಿಲ್ಲಬೇಕೆನಿಸುತ್ತದೆ. ಗಾಡಿಯ ನಂಬರ್ ಹಾಕುತ್ತಲೇ ತಾವು ನನ್ನ ಹೆಂಡತಿಯ ಹೆಸರು ಹಿಡಿದು, 'ಮತ್ತೆ ಸ್ವಾಗತ! ತಮ್ಮನ್ನು ನೋಡಿ ಬಹಳ ದಿನವಾಯಿತು' ಎಂದಿರಿ. ನಮಗೂ ಬಹಳ ದಿನವಾಗಿದೆ ಎಂದು ಬರೆಯಲು ಜಾಗ ಹುಡುಕಿದೆ, ಇರಲಿಲ್ಲ. ವಾಹನದ ಮೊದಲ ಮಾಲೀಕರೇ ಈಗಲೂ ಓಡಿಸುತ್ತಿದ್ದಾರೆಯೇ ಎಂದು ಕೇಳಿದಿರಿ. 'ಇಲ್ಲ' ಎಂಬುದನ್ನು ಒತ್ತಲು ನನಗೆ ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ 'ನೀವು ಇನ್ನೂ ಇದ್ದೀರಾ?' ಎಂದು ತಾವು ವಿಚಾರಿಸಿಕೊಂಡಿರಿ. ಒತ್ತಿದೆ. 'ಹೊಸ ಮಾಲೀಕರಿಗೆ ಅಭಿನಂದನೆಗಳು!' ಎಂದು ತಾವು ಪರದೆ ತುಂಬ ಬಣ್ಣದ ಕಾಗದದ ಚೂರುಗಳನ್ನು ಉದುರಿಸಿದಿರಿ. ಅವಳು ಹೋದ ಮೇಲೆ ಮನೆಗೆ ಬಂದು ಹೋದವರು ಅನೇಕರು. ಯಾರಿಗೂ ಈ ಏರ್ಪಾಡು ಹೊಳೆದಿರಲಿಲ್ಲ.

ಚಾಲಕರ ಶೈಲಿ ಶಾಂತವೋ, ಸಾಮಾನ್ಯವೋ, ಸಾಹಸಮಯವೋ ಎಂದು ಕೇಳಿದಿರಿ. ಕೈ ಶಾಂತವಾಗಿ ಬಾಯಿ ಸಾಹಸಮಯವಾಗಿದ್ದರೆ ಎಲ್ಲಿ ಒತ್ತಬೇಕೆಂದು ತಾವು ತಿಳಿಸಲಿಲ್ಲ. ಪ್ರಯಾಣದ ಅನುಭವ ಹೇಗಿರಬೇಕು ಎಂಬಲ್ಲಿ 'ಮೋಡದ ಮೇಲೆ ತೇಲಿದಂತೆ' ಎಂದಿತ್ತು, 'ರಸ್ತೆಯನ್ನು ಅಪ್ಪಿಕೊಂಡಂತೆ' ಎಂದಿತ್ತು, 'ಹುಲಿಯ ಸವಾರಿಯಂತೆ' ಎಂದಿತ್ತು. ನನಗೆ ಬೇಕಾದದ್ದು 'ಮುಂಚಿನಂತೆ'. ಅದನ್ನು ತಾವು ತಯಾರಿಸುತ್ತಿಲ್ಲವೆಂದು ಕಂಡಿತು.

ಸರಕಿನ ವಿಷಯಕ್ಕೆ ಬಂದಾಗ ನಮ್ಮಿಬ್ಬರಲ್ಲಿ ಮೊದಲ ಭಿನ್ನಾಭಿಪ್ರಾಯ ತಲೆದೋರಿತು. ಕಟ್ಟಡ ಸಾಮಗ್ರಿ, ಯಂತ್ರೋಪಕರಣ, ಕ್ರೀಡಾ ಸಲಕರಣೆ, ಕುಟುಂಬ ಎಂಬ ನಾಲ್ಕು ಬಗೆಯ ಸರಕುಗಳು ಮಾತ್ರ ಪ್ರಪಂಚದಲ್ಲಿ ಸಾಗಾಟವಾಗುತ್ತವೆ ಎಂಬುದು ತಮ್ಮ ನಿಲುವು. 'ಇತರೆ' ಎಂಬಲ್ಲಿ ನಾನು 'ಮೊಟ್ಟೆ' ಎಂದು ಬರೆದೆ. 'ದಯವಿಟ್ಟು ಸರಿಯಾದ ಸರಕನ್ನು ನಮೂದಿಸಿ' ಎಂದಿರಿ. 'ಕೋಳಿ ಮೊಟ್ಟೆ' ಎಂದು ತಿದ್ದಿದೆ. ಕೆಂಪಾದಿರಿ. ಪರೀಕ್ಷೆ ಮಾಡೋಣವೆಂದು 'ಕಲ್ಲು' ಎಂದು ಬರೆದೆ. ಕೂಡಲೇ ಹಸಿರಾಗಿ ಮುಂದಕ್ಕೆ ಬಿಟ್ಟು, ಬೆಟ್ಟದ ತುದಿಯಲ್ಲಿ ನಿಂತ ಲಾರಿಯ ಚಿತ್ರವಿರುವ ಅತ್ಯಂತ ಬಿರುಸಿನ ಮಾದರಿಯನ್ನು ನನಗೆಂದೇ ಆರಿಸಿಕೊಟ್ಟಿರಿ. ಅದನ್ನು ತೋರಿಸಿದಾಗ ಮೇಸ್ತ್ರಿ, 'ಇದನ್ನ ಹಾಕಿದ್ರೆ ಮೊಟ್ಟೆ ಅಲ್ಲ, ಕೋಳಿಯೇ ಒಡೆಯುತ್ತೆ' ಎಂದರು.

ಕೊನೆಗೆ ದಾರಿ ಕಂಡುಹಿಡಿದವಳು ನಾದಿನಿ. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, 'ಸರಿಯಿರಿ ಭಾವ, ಸತ್ಯ ಹೇಳಿದ್ರೆ ಇದಕ್ಕೆ ಅರ್ಥ ಆಗಲ್ಲ' ಎಂದು, ಸರಕು 'ಕುಟುಂಬ' ಎಂದು ಒತ್ತಿ, ಕುಟುಂಬದಲ್ಲಿ ಹಾಲು ಕುಡಿಯುವ ಮಗುವಿದೆ, ಮಗು ಸದಾ ಹಿಂದೆಯೇ ಮಲಗಿರುತ್ತದೆ, ಬಹಳ ಸೂಕ್ಷ್ಮ ಎಂದು ತುಂಬಿಸಿದಳು. ತಾವು ಕರಗಿ ಹೋದಿರಿ. ಮೃದುವಾದ ಮಾದರಿಯೊಂದನ್ನು ಕೊಟ್ಟು, ಹಿಂಬದಿಯವನ್ನು ಜೋಡಿಯಾಗಿಯೇ ಬದಲಿಸಬೇಕು, ಒಂದು ಹೊಸದು ಒಂದು ಹಳೆಯದು ಇದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂದು ಬುದ್ಧಿವಾದವನ್ನೂ ಹೇಳಿದಿರಿ. ಒಂದು ಕಡೆಗೆ ಎಳೆಯುವುದು ಏನೆಂಬುದು ನನಗೆ ಗೊತ್ತಿದ್ದ ವಿಷಯವೇ ಆದರೂ ತಮ್ಮ ಕಾಳಜಿಗೆ ಋಣಿ. ನಮ್ಮ ಮನೆಯಲ್ಲಿ ಮಗುವಿದೆಯೆಂದು ಎಲ್ಲಾದರೂ ದಾಖಲಾದದ್ದು ಇದೇ ಮೊದಲು. ನನ್ನ ಹೆಂಡತಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಎದ್ದು ಹೋಗಿ ಗಾಡಿಯ ಗಾಜು ಒರೆಸುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೊರಡುವ ಮುಂಚೆ ತಾವು ಒಂದು ಕೊನೆಯ ಪ್ರಶ್ನೆ ಕೇಳಿದಿರಿ: ನಮ್ಮ ಹಳೆಯ ಶಾಕ್ ಅಬ್ಸಾರ್ಬರ್‌ಗಳು ಎಲ್ಲಿಯವರೆಗೆ ತೃಪ್ತಿಕರವಾಗಿ ಕೆಲಸ ಮಾಡಿದವು? ಅವೂ ತಮ್ಮ ಕಂಪನಿಯವೇ. ನಾನು ನನಗೆ ತಿಳಿದಂತೆ, ಹೋದ ಚಳಿಗಾಲದವರೆಗೆ ಒಂದು ಮೊಟ್ಟೆಯನ್ನೂ ಒಡೆಯದೆ ಸಾಗಿಸಿದವು, ಅಂಥವು ಇನ್ನು ಸಿಗಲಾರವು, ಬೆಣ್ಣೆಯ ಮೇಲೆ ಬೆರಳಾಡಿಸಿದಂತಿತ್ತು ಎಂದು ಬರೆದೆ. ಮೊಟ್ಟೆಯನ್ನು ಸರಕೆಂದೇ ಒಪ್ಪದ ತಾವು ಅದೇ ಮೊಟ್ಟೆಯನ್ನು ಹೊಗಳಿಕೆಯಲ್ಲಿ ಕಂಡ ಕೂಡಲೇ ಒಪ್ಪಿಕೊಂಡು, ಮಾರನೆಯ ದಿನವೇ ಜಾಲತಾಣದ ಮೊದಲ ಪುಟದಲ್ಲಿ, ಐದು ನಕ್ಷತ್ರ ಹಚ್ಚಿ, 'ವರ್ಷಗಟ್ಟಲೆ ಒಂದು ಮೊಟ್ಟೆಯೂ ಒಡೆಯಲಿಲ್ಲ: ಸಂತೃಪ್ತ ಗ್ರಾಹಕರು' ಎಂದು ಪ್ರಕಟಿಸಿದಿರಿ.

ಇವತ್ತು ಮಧ್ಯಾಹ್ನ ಗಾಡಿಯ ಅಡಿಯಿಂದ ಹಳೆಯವನ್ನು ಬಿಚ್ಚಿ ಹೊರಗೆಳೆದ ಮೇಸ್ತ್ರಿ, ಒಂದನ್ನು ನನ್ನ ಕೈಗೆ ಕೊಟ್ಟು, ಎಳೆದು ನೋಡಿ ಎಂದರು. ಅದು ಯಾವ ತಕರಾರೂ ಇಲ್ಲದೆ ಹೊರಗೆ ಬಂತು, ಯಾವ ತಕರಾರೂ ಇಲ್ಲದೆ ಒಳಗೆ ಹೋಯಿತು. ಒಳಗಿನ ಎಣ್ಣೆ ಎಂದೋ ಸೋರಿ, ಹೊರಗೆಲ್ಲ ಅಂಟಿದ ಧೂಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. 'ಇದು ಈಗ ಹೋಗಿದ್ದಲ್ಲ ಯಜಮಾನ್ರೇ. ಹೋಗಿ ವರ್ಷಗಳೇ ಆಗಿವೆ. ಅಮ್ಮನವರಿಗೆ ನಾನು ಆಗ್ಲೇ ಹೇಳಿದ್ದೆ' ಎಂದರು. ಅವಳೇನೆಂದಳೆಂದು ಕೇಳಿದೆ. '"ನನ್ನ ಸೊಂಟಾನೂ ಹೋಗಿದೆ, ಅದನ್ನ ಬದಲಾಯಿಸಿದೀನಾ? ನಡೀಲಿ ಬಿಡಿ" ಅಂದ್ರು. ನಿಮಗೆ ಮಾತ್ರ ಹೇಳ್ಬೇಡಿ ಅಂದ್ರು. ಹೇಳಿದ್ರೆ ಹೆದರ್ಕೊಂಡು ನಾಳೆಯಿಂದ ಟ್ರೇಗಳನ್ನೆಲ್ಲ ತೊಡೆ ಮೇಲೆ ಇಟ್ಕೊಂಡು ಕೂರ್ತಾರೆ ಅಂದ್ರು' ಎಂದರು.

ಈಗ ಮಾನ್ಯರಿಗೆ ನನ್ನ ದೂರು ಅರ್ಥವಾಗಿರಬಹುದು. ತಮ್ಮ ಕಂಪನಿಯ ಉತ್ಪನ್ನ ಗಾಡಿಯ ಅಡಿಯಲ್ಲಿ ಸತ್ತು ಜೋತಾಡುತ್ತಿದ್ದ ಅಷ್ಟೂ ವರ್ಷ ಅದರ ಕೆಲಸವನ್ನು ಒಬ್ಬ ಹೆಂಗಸು, ಎರಡು ಕೈಯಿಂದ, ನೋಯುವ ಸೊಂಟದಿಂದ, ದಾರಿಯ ಪ್ರತಿಯೊಂದು ಉಬ್ಬನ್ನೂ ನೆನಪಿನಲ್ಲಿಟ್ಟುಕೊಂಡು ಮಾಡಿದ್ದಾಳೆ. ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ತಮ್ಮ ಹೆಸರಿಗೆ ಬರೆದುಕೊಟ್ಟಿದ್ದೇನೆ, ತಾವು ನಕ್ಷತ್ರ ಹಚ್ಚಿಕೊಂಡು ಕೂತಿದ್ದೀರಿ. ಆದ್ದರಿಂದ ಆ ಹೊಗಳಿಕೆಯನ್ನು ದಯಮಾಡಿ ಕೆಳಗಿಳಿಸಬೇಕು, ಅಥವಾ ಇಳಿಸಲು ಮನಸ್ಸು ಬಾರದಿದ್ದರೆ ಉತ್ಪನ್ನದ ಚಿತ್ರವನ್ನು ತೆಗೆದು ಆ ಜಾಗದಲ್ಲಿ ಅವಳ ಭಾವಚಿತ್ರವನ್ನು ಹಾಕಬೇಕು. ಒಂದು ಇದೆ, ಸ್ಟೀರಿಂಗ್ ಮೇಲೆ ಕೈಯಿಟ್ಟು ಯಾರನ್ನೋ ಬೈಯುತ್ತಿರುವುದು. ಮುಂದೆ ಯಾರಾದರೂ 'ಮೊದಲ ಮಾಲೀಕರು ಇಲ್ಲ' ಎಂದು ಒತ್ತಿದಾಗ ಕಾಗದದ ಚೂರುಗಳನ್ನು ತುಸು ತಡೆದು ಹಿಡಿಯಬೇಕು. ತಮ್ಮ ಕಾರ್ಖಾನೆಯವರು ಇಷ್ಟೆಲ್ಲ ಮಾದರಿಗಳನ್ನು ತಯಾರಿಸುವ ಭರಾಟೆಯಲ್ಲಿ, ಉಬ್ಬು ಬರುವ ಮುಂಚೆ 'ಹಿಡ್ಕೊಳ್ರೀ' ಎನ್ನುವ ಒಂದನ್ನೂ ತಯಾರಿಸಿದರೆ ನಾನು ಹಿಂದಕ್ಕೊಂದು ಜೋಡಿ, ಮುಂದಕ್ಕೊಂದು ಜೋಡಿ, ಸಾಧ್ಯವಾದರೆ ಅಡುಗೆಮನೆಗೂ ಒಂದು ಜೋಡಿ ತರಿಸಿಕೊಳ್ಳುತ್ತೇನೆ. ಆಮ್ಲೆಟ್ ಬೇಕೆನಿಸಿದ ದಿನ ಒಂದೇ ಒಂದು ಉಬ್ಬಿಗೆ ಕೆಲಸ ನಿಲ್ಲಿಸುವ ಗುಂಡಿಯೂ ಅದರಲ್ಲಿರಲಿ. ಎರಡಕ್ಕಿಂತ ಹೆಚ್ಚು ಒಡೆಯಕೂಡದು.

ಹೊಸದನ್ನು ಹಾಕಿದ ಮೇಲೆ ನಾಳೆಗೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಹಿಂದೆ ಫಾರಮ್ಮಿನಿಂದ ತಂದ ಮೊಟ್ಟೆಯ ಟ್ರೇಗಳನ್ನಿಟ್ಟು ಕಟ್ಟಿ ಹೊರಟೆವು. ಮೇಸ್ತ್ರಿಯ ಮಾತು ಕೇಳಿಯೂ ನಾನು ಒಂದು ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಶಾಲೆಯ ಗೋಡೆ ಬಂತು. ಓರೆ ಮಾಡುವುದು ನಾದಿನಿಗೆ ಗೊತ್ತಿಲ್ಲ, ನೇರವಾಗಿಯೇ ಹೋದಳು. ಹೋಗುವ ಮುಂಚೆ, ಇಷ್ಟು ತಿಂಗಳಲ್ಲಿ ಎಂದೂ ಹೇಳದವಳು, ಭಯಕ್ಕೋ ಏನೋ, 'ಹಿಡ್ಕೊಳ್ಳಿ ಭಾವ' ಎಂದಳು. ಬಾಗಿಲ ಹಿಡಿಕೆ ಹಿಡಿದೆ. ಗಾಡಿ ಒಂದು ಸಲ ತಗ್ಗಿತು, ಎದ್ದಿತು, ನಿಂತಿತು. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ಹಿಡಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ಹಿಡಿಕೆಯನ್ನು ಮಾತ್ರ ನಾನು ಸೇತುವೆಯವರೆಗೂ ಬಿಡಲಿಲ್ಲ.

ಸೇತುವೆ ದಾಟಿ ನಾದಿನಿ ಗಾಡಿಯನ್ನು ಪಕ್ಕಕ್ಕೆ ಹಾಕಿದಳು. ಇಳಿದು ಹೋಗಿ ಪ್ರತಿ ಟ್ರೇಯನ್ನೂ ಎತ್ತಿ ನೋಡಿದಳು. ವಾಪಸ್ ಬಂದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, 'ಹಾಗಾದ್ರೆ ಇಷ್ಟು ದಿನ ನನ್ನ ಕೈ ತಪ್ಪಲ್ಲ ಅಲ್ವಾ ಭಾವ?' ಎಂದಳು. 'ಅಲ್ಲಮ್ಮ. ತಪ್ಪೆಲ್ಲ ನಿಮ್ಮಕ್ಕನ ಕೈಯದ್ದು' ಎಂದೆ. ಅವಳು ನಕ್ಕಳು. ನಂತರ ಕೀಲಿ ತಿರುಗಿಸಿ, ಅಡ್ಡ ಬಂದ ಸ್ಕೂಟರಿನವನನ್ನು ಅವನ ಅಜ್ಜನವರೆಗೂ ವಿಚಾರಿಸಿಕೊಂಡಳು. ಇಟ್ಟಿಗೆ ವ್ಯಾಪಾರಿಗೆ ಸದ್ಯಕ್ಕೆ ಬರಬೇಡಿ ಎಂದು ಹೇಳಿ ಕಳಿಸಿದ್ದೇನೆ.

ತಮ್ಮ ಉತ್ಪನ್ನ ಒಳ್ಳೆಯದಿದೆ. ಒಪ್ಪಿಕೊಳ್ಳಲು ಕಷ್ಟವಾಗುತ್ತದೆ, ಆದರೂ ಒಳ್ಳೆಯದಿದೆ. ಹೆಂಡತಿಯ ಕೆಲಸಕ್ಕೆ ಎರಡು ಕಬ್ಬಿಣದ ಕೊಳವೆ ಸಾಕಾಯಿತೇ ಎಂದು ಒಂದು ಕ್ಷಣ ಸಿಟ್ಟೂ ಬಂತು; ಆ ಸಿಟ್ಟಿಗೆ ತಾವು ಹೊಣೆಯಲ್ಲ.

ಗುಳ್ಳೆಯೊಳಗೆ ಸುಖವಾಗಿರಿ ಎಂದು ಹಾರೈಸುವ

ತಮ್ಮ ವಿಶ್ವಾಸಿ,
ಚಾಲಕರ ಪಕ್ಕದ ಸೀಟಿನವನು

ಮರೆತ ಮಾತು: ಇದನ್ನು ಮಡಿಸುವಷ್ಟರಲ್ಲಿ ತಮ್ಮ ಸಂದೇಶ ಬಂತು: 'ನಿಮ್ಮ ಮಗುವಿನ ಮೊದಲ ಪ್ರಯಾಣ ಹೇಗಿತ್ತು? ನಕ್ಷತ್ರ ಕೊಡಿ.' ಮಗು ಟ್ರೇಯಲ್ಲಿ ಕ್ಷೇಮವಾಗಿದೆ. ನಾಳೆ ಬೆಳಿಗ್ಗೆ ಬೇಕರಿಗೆ ಹೋಗುತ್ತದೆ, ಮಧ್ಯಾಹ್ನದೊಳಗೆ ಕೇಕ್ ಆಗುತ್ತದೆ. ನಕ್ಷತ್ರಗಳು ತಮ್ಮಲ್ಲಿ ಆಗಲೇ ಐದಿವೆ, ನಮ್ಮವು. ಮೊದಲು ಅವನ್ನು ವಾಪಸ್ ಕೊಡಿ, ಆಮೇಲೆ ಕೇಳಿ. ಬೆಳಿಗ್ಗೆ ಆರಕ್ಕೆ ಲೋಡು. ಮನೆಯಲ್ಲಿ ಒಡೆದದ್ದೆಲ್ಲ ಇವತ್ತಿಗೆ ಮುಗಿಯಿತು. ನಾಳೆ ಬರುವಾಗ ಮೂಲೆಯ ಅಂಗಡಿಯಿಂದ ಎರಡು ಮೊಟ್ಟೆ ಕೊಂಡು ತರಬೇಕು.